ಲೆಫ್ಟಿನೆಂಟ್ ರಊಫನ ಬಿಳಿ ಕೋಟು

ಅಲೆಕ್ಸಾಂಡ್ರಿಯದ ಈ ಮ್ಯೂಸಿಯಂ ಸೇರುವ ಮುಂಚೆ ನಾನು ಹನ್ನೊಂದು ವರ್ಷ ಸೇನಾಧಿಕಾರಿಗಳ ಕೋಟು ಹೊಲಿದ ದರ್ಜಿ. ಸಮವಸ್ತ್ರದ ವಿಷಯದಲ್ಲಿ ನನಗೆ ಯಾರೂ ಟೋಪಿ ಹಾಕಲಾರರು ಎಂಬ ಜಂಬವಿತ್ತು. ಹದಿನಾಲ್ಕು ವರ್ಷದಿಂದ ಗಾಜಿನೊಳಗಿದ್ದ ಲೆಫ್ಟಿನೆಂಟ್ ರಊಫನ ಕೋಟನ್ನು ಈ ಚಳಿಗಾಲ ಮೊದಲ ಸಲ ಕೊಡವಲು ತೆಗೆದೆ. ಜಂಬ ಇಳಿಯಿತು.

ಕೋಟಿಗೆ ಕಟ್ಟಿದ್ದ ಚೀಟಿಯ ಪ್ರಕಾರ ಅವನು ನಲವತ್ತೆಂಟರ ಯುದ್ಧದಲ್ಲಿ ಗಾಜಾ ಕಡೆ ಹೋಗಿ ಕಾಣೆಯಾದವನು. ಅಂದಮೇಲೆ ಗುಂಡಿಗಳ ಮೇಲೆ ರಾಜನ ಕಿರೀಟ ಇರಬೇಕು. ಇದ್ದದ್ದು ಹದ್ದು. ಹದ್ದು ಬಂದದ್ದು ರಾಜ ದೇಶ ಬಿಟ್ಟು ಗಣರಾಜ್ಯವಾದ ಮೇಲೆ. ಎಷ್ಟು ಕಿರೀಟ ಕಿತ್ತು ಹದ್ದು ಹೊಲಿದಿದ್ದೇನೋ ನನ್ನ ಬೆರಳಿಗೇ ಗೊತ್ತು. ಹೆಗಲ ಮೇಲೂ ಎರಡರ ಬದಲು ಮೂರು ನಕ್ಷತ್ರ. ಇಲ್ಲದವನಿಗೆ ಕ್ಯಾಪ್ಟನ್ ಬಡ್ತಿ ಕೊಟ್ಟವರು ಯಾರು? ಮೂರು ದಿನ ತಲೆ ಕೆಡಿಸಿಕೊಂಡು, ಕೊನೆಗೆ ಕೋಟನ್ನು ನಿರ್ದೇಶಕರ ಮುಂದಿಟ್ಟೆ.

"ಕೋಟು ಬೇರೆ ಯಾರದ್ದೋ," ಎಂದರು ನಿರ್ದೇಶಕ ಶೌಕತ್ ಸಾಹೇಬರು ಚೀಟಿ ಕಿತ್ತುಕೊಂಡು. "ಗೋದಾಮಿಗೆ ಹಾಕಿ. ಮನೆಯವರಿಗೊಂದು ಮಾತು ತಿಳಿಸಿಬಿಡಿ."

ಮರುದಿನವೇ ರಊಫನ ತಂಗಿ ಇನ್‌ಶಿರಾಹ್ ಬಂದರು. ಐವತ್ತು ದಾಟಿದ ಶಾಲಾ ಟೀಚರು.

"ನಮ್ಮಣ್ಣಂಗೆ ಗೋರಿ ಇಲ್ಲ ಉಸ್ತಾದ್. ಹಬ್ಬಕ್ಕೆ ಎಲ್ಲರೂ ಗೋರಿ ಹತ್ರ ಹೋಗ್ತಾರೆ, ನಾನು ಟಿಕೆಟ್ ತಗೊಂಡು ಇಲ್ಲಿಗೆ ಬರ್ತೀನಿ. ಇದನ್ನೂ ತೆಗೆದ್ರೆ ಎಲ್ಲಿಗೆ ಹೋಗ್ಲಿ?"

"ನಾನೇನು ಮಾಡ್ಲಿ ತಾಯಿ? ಈ ಹದ್ದು ಬರೋ ಹೊತ್ತಿಗೆ ನಿಮ್ಮಣ್ಣ ಹೋಗಿ ಐದು ವರ್ಷ ಆಗಿತ್ತು."

"ಅಷ್ಟೇನಾ? ಅದು ನಮ್ಮಮ್ಮನ ಕೆಲಸ. ಯುದ್ಧಕ್ಕೆ ಹೋಗುವಾಗ ಅಣ್ಣ ಈ ಕೋಟು ಮನೇಲೇ ಬಿಟ್ಟು ಹೋಗಿದ್ದ. ಕಿರೀಟ ತೆಗೀಬೇಕು ಅಂತ ಆರ್ಡರ್ ಬಂತಲ್ಲ, ಇವ್ನು ವಾಪಸ್ ಬಂದು ಅದನ್ನೇ ಹಾಕ್ಕೊಂಡು ಹೊರಟ್ರೆ ಹಿಡ್ಕೊಂಡು ಹೋಗ್ತಾರೆ ಅಂತ ಅವಳಿಗೆ ಭಯ. ಜೊತೆಗಾರರಿಗೆ ಮೂರನೇ ನಕ್ಷತ್ರ ಬಂದಾಗ ಇವ್ನಿಗೂ ಒಂದು ಹೊಲಿದ್ಲು."

ನಂಬಲೋ ಬಿಡಲೋ ತಿಳಿಯಲಿಲ್ಲ. ಬಂದವರು ಹೇಳಿದ್ದನ್ನೆಲ್ಲ ನಂಬುವವನಲ್ಲ ನಾನು. ಹೊಲಿಗೆ ಸುಳ್ಳು ಹೇಳುವುದಿಲ್ಲ ಎಂದು ಕೋಟಿನ ಒಳಮೈ ತಿರುವಿದೆ. ಸೊಂಟದ ಹೊಲಿಗೆಯನ್ನು ಎರಡು ಸಲ ಬಿಚ್ಚಿ ಅಗಲ ಮಾಡಿದ್ದರು. ಒಂದೊಂದು ಸಲ ಒಂದೊಂದು ಬಗೆಯ ದಾರ. ಮನೆಯಲ್ಲಿ ಕೈಯಿಂದ ಹಾಕಿದ ಸೊಟ್ಟ ಹೊಲಿಗೆ.

"ಸೊಂಟ ಯಾಕೆ ಅಗಲ ಮಾಡಿದಾರೆ?"

"ನಮ್ಮಪ್ಪಂಗೆ ಮೂವತ್ತಕ್ಕೇ ಹೊಟ್ಟೆ ಬಂದಿತ್ತು. ಮಗಂಗೂ ಇಷ್ಟೊತ್ತಿಗೆ ಬಂದಿರುತ್ತೆ ಅಂದ್ಲು." ಹೇಳುತ್ತ ಆಕೆ ನಕ್ಕರು. ನನಗೆ ನಗು ಬರಲಿಲ್ಲ.

"ಅಷ್ಟು ಕಾದವರು ಇಲ್ಲಿಗೆ ಯಾಕೆ ಕೊಟ್ರು?"

"ಕಣ್ಣು ಮಂಜಾಯ್ತು, ಸೂಜಿಗೆ ದಾರ ಪೋಣಿಸೋಕೆ ಆಗ್ಲಿಲ್ಲ. ಮ್ಯೂಸಿಯಂನಲ್ಲಿ ಒಬ್ಬ ದರ್ಜಿ ಇದಾನಂತೆ, ಮುಂದೆ ಅವ್ನು ನೋಡ್ಕೋತಾನೆ ಅಂದ್ಲು."

ಆ ದರ್ಜಿ ನಾನೇ. ಹದಿನಾಲ್ಕು ವರ್ಷ ಒಮ್ಮೆಯೂ ಮುಟ್ಟದವನು, ಮುಟ್ಟಿದ ಮೂರೇ ದಿನಕ್ಕೆ ಅದನ್ನು ಗೋದಾಮಿನ ದಾರಿ ಹಿಡಿಸಿದ್ದೆ. ನಾಚಿಕೆಯಿಂದ ಆಕೆಯ ಮುಖ ನೋಡಲಾಗಲಿಲ್ಲ. ಕೋಟು ಎತ್ತಿಕೊಂಡು ಶೌಕತ್ ಸಾಹೇಬರ ಕೋಣೆಗೆ ಹೋದೆ.

"ಇದು ರಊಫನದ್ದೇ ಸಾಹೇಬ್ರೇ."

"ಮತ್ತೆ ಈ ಮೂರನೇ ನಕ್ಷತ್ರ ಯಾರದ್ರೀ?"

"ಅವರಮ್ಮಂದು," ಎಂದು ಸೊಂಟದ ಹೊಲಿಗೆ ತೋರಿಸಿ ನಡೆದದ್ದನ್ನೆಲ್ಲ ಹೇಳಿದೆ.

ಸಾಹೇಬರು ಆ ಸೊಟ್ಟ ಹೊಲಿಗೆಯ ಮೇಲೆ ಬೆರಳಾಡಿಸಿದರು. ಆಮೇಲೆ ಮೇಜಿನ ಖಾನೆ ಎಳೆದು ಚೀಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು.