ದೊಡ್ಡ ದನಿಯ ಮೇಡಂ

ಟ್ಯೂಶನ್ನಿಗೆ ನನ್ನನ್ನು ಗೊತ್ತುಮಾಡುವ ಮೊದಲು ಶಾಲನಕ್ಕ ಹೆಣ್ಣು ನೋಡಲು ಬಂದವರಿಗಿಂತ ಹೆಚ್ಚು ಪ್ರಶ್ನೆ ಕೇಳಿದರು. ಇಚಲಕರಂಜಿಯಲ್ಲಿ ಅವರದು ನೂಲಿನ ವ್ಯಾಪಾರ. ಮಗಳು ರುತುಜಾ ಶಾಲೆಯಲ್ಲಿ ನಾಲ್ಕನೇ ಇಯತ್ತೆ, ಗಣಿತವೆಂದರೆ ನಡುಕ. ಬಿ.ಎಸ್ಸಿ. ಆಗಿದೆಯೇ, ಬಿ.ಎಡ್. ಆಗಿದೆಯೇ, ಎಷ್ಟು ವರ್ಷದ ಅನುಭವ? ಅನುಭವವೊಂದನ್ನು ಬಿಟ್ಟು ಉಳಿದುದಕ್ಕೆಲ್ಲ ಸರ್ಟಿಫಿಕೇಟು ಮುಂದಿಟ್ಟೆ. ಅವತ್ತು ಹೆದರಿಕೆಗೆ ನನ್ನ ದನಿಯೇ ಏಳಲಿಲ್ಲ, ಹಾಗಾಗಿ ಪಾಸಾದೆ.

ನಾಲ್ಕನೆಯ ದಿನ ಅವರು ನನ್ನನ್ನು ಬಾಗಿಲಲ್ಲೇ ತಡೆದರು.

"ಪ್ರಣಾಲಿ, ಸಿಟ್ಟಾಗಬ್ಯಾಡ್ರಿ. ನೀವು ಬರೂ ಹೊತ್ತಾತಂದ್ರ ರುತುಜಾ ಪಲಂಗದ ತಳಗ ಹೊಕ್ಕೊಂಡ ಕುಂದರತಾಳ. ಮ್ಯಾಡಂ ಭಾಳ ಬೈತಾರ ಅಂತಾಳ."

"ನಾ ಒಂದ ಸಲಾನೂ ಬೈದಿಲ್ರೀ!"

ನಾನು ಹೇಳಿದ್ದು ಅಷ್ಟೇ. ಎದುರುಮನೆಯ ಮುದುಕರು ಕಿಟಕಿ ತೆರೆದು ನೋಡಿದರು.

"ನಾಳೆ ಒಂದಿನ ನೋಡೂಣು. ಆಗಲಿಲ್ಲಂದ್ರ ಬ್ಯಾರೆಯವ್ರನ್ನ ನೋಡತೇವಿ" ಎಂದರು ಶಾಲನಕ್ಕ.

ನಮ್ಮೂರು ಕೊರೋಚಿಯವರೆಗೂ ಬಸ್ಸಿನಲ್ಲಿ ಅಳುತ್ತ ಬಂದೆ. ಟ್ಯೂಶನ್ ಹೋದರೆ ಹೋಗಲಿ, ಒಂಬತ್ತು ವರ್ಷದ ಮಗು ನನಗೆ ಹೆದರಿ ಪಲಂಗದಡಿ ಸೇರುತ್ತದೆ ಎನ್ನುವುದನ್ನು ಹೇಗೆ ನುಂಗಲಿ? ಕಲಿಸುವುದು ಬಿಟ್ಟು ನನಗೆ ಬೇರೇನೂ ಬೇಕಿರಲಿಲ್ಲ.

ನಮ್ಮ ಮನೆಗೂ ಮಗ್ಗದ ಶೆಡ್ಡಿಗೂ ನಡುವೆ ಒಂದೇ ಗೋಡೆ. ಅಪ್ಪ ಅಲ್ಲಿ ನಾಲ್ಕು ಕರೆಂಟಿನ ಮಗ್ಗ ನಡೆಸುತ್ತಾನೆ, ಅವ್ವ ಲಾಳಿಗೆ ಹಾಕುವ ಕಾಂಡಿಗೆ ನೂಲು ಸುತ್ತುತ್ತಾಳೆ. ನನ್ನ ಕಥೆ ಕೇಳಿ ಅವ್ವ ಹೊಟ್ಟೆ ಹಿಡಿದು ನಕ್ಕಳು.

"ಹುಚ್ಚಿ, ಮಗ್ಗದ ಮಗ್ಗಲಾಗ ಬೆಳದಾಕಿ ನೀ. ನಮ್ಮನ್ಯಾಗ ಉಪ್ಪ ಬೇಡಿದ್ರೂ ಜಗಳಾ ತಗದಂಗ ಇರತೈತಿ. ಆ ಪೋರಿಗೇನ ಗೊತ್ತ?"

"ಮೆತ್ತಗ ಮಾತಾಡಾಕ ಹ್ವಾದ್ರ ಪಾಠಾನ ಮರೀತೇನಿ, ಅವ್ವಾ."

"ಶೆಡ್ಡಿನ್ಯಾಗ ನಿಮ್ಮಪ್ಪನ ಕೂಡ ನಾ ಹೆಂಗ ಮಾತಾಡತೇನಿ?"

ಹೌದಲ್ಲ! ಮಗ್ಗಗಳ ಆ ಗದ್ದಲದಲ್ಲಿ ಅವ್ವ ಬರೀ ತುಟಿ, ಬೆರಳು, ಹುಬ್ಬಿನಲ್ಲೇ ಅಪ್ಪನಿಗೆ ಚಹಾ ಆಯಿತೆಂದೂ ಮೂರನೇ ಮಗ್ಗದ ಎಳೆ ಹರಿಯಿತೆಂದೂ ಹೇಳುತ್ತಾಳೆ. ಬಿ.ಎಡ್.ನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ.

ಮರುದಿನ ರುತುಜಾಳ ಪಲಂಗದ ಪಕ್ಕ ನೆಲದ ಮೇಲೆ ಕೂತೆ. ಬಾಯಿಂದ ಒಂದು ಸದ್ದೂ ಹೊರಡಿಸಲಿಲ್ಲ. ಎಂಬತ್ನಾಲ್ಕನ್ನು ಆರರಿಂದ ಭಾಗಿಸುವ ಲೆಕ್ಕವನ್ನು ಪಾಟಿಯ ಮೇಲೆ ಬರೆದು, ಬಗ್ಗಿ, ತುಟಿ ಆಡಿಸಿದೆ, ಬೆರಳೆತ್ತಿದೆ, ಹುಬ್ಬು ಹಾರಿಸಿದೆ. ಸ್ವಲ್ಪ ಹೊತ್ತಿಗೆ ಪಲಂಗದಡಿಯ ಕತ್ತಲೊಳಗೆ ಎರಡು ಕಣ್ಣು ಕಂಡವು. ಆಮೇಲೆ ಮೂಗು. ತುಟಿ ಓದಬೇಕೆಂದರೆ ಹತ್ತಿರ ಬರಲೇಬೇಕಲ್ಲ. ಅರ್ಧ ಗಂಟೆಯಲ್ಲಿ ಅವಳ ಮೊಣಕಾಲು ನನ್ನ ಮೊಣಕಾಲಿಗೆ ತಾಗಿತ್ತು. ಆ ಖುಷಿಯಲ್ಲಿ ನಾನು ಎಂಟರಲ್ಲಿ ಆರು ಕಳೆದು ಮೂರು ಬರೆದುಬಿಟ್ಟೆ.

"ಮ್ಯಾಡಂ! ತಪ್ಪ ಬರದೀರಿ! ಎರಡ ಉಳೀತೈತಿ! ಲಕ್ಷ್ಯ ಎಲ್ಲೈತ್ರಿ?"

ಶಾಲನಕ್ಕ ಹಿಟ್ಟಿನ ಕೈಯಲ್ಲೇ ಅಡುಗೆಮನೆಯಿಂದ ಓಡಿಬಂದರು. "ಮತ್ತ ಒದರಿದ್ರೇನ್ರಿ ಪ್ರಣಾಲಿ?"

ನಾನು ತುಟಿಯ ಮೇಲೆ ಬೆರಳಿಟ್ಟೆ. ತಲೆ ಅಲ್ಲಾಡಿಸಿ ರುತುಜಾಳ ಕಡೆ ತೋರಿಸಿದೆ. ಅವಳಿಗೆ ನಮ್ಮಿಬ್ಬರ ಖಬರೇ ಇರಲಿಲ್ಲ. ನನ್ನ ಮೂರನ್ನು ಅಂಗೈಯಿಂದ ಒರೆಸಿ, ಬಳಪ ಕಸಿದುಕೊಂಡಳು.

"ನೀವ ಸುಮ್ಮ ಕುಂದರ್ರಿ ಮ್ಯಾಡಂ. ನಾ ತೋರಸತೇನಿ."

ಶಾಲನಕ್ಕ ಬಾಗಿಲಲ್ಲೇ ನಿಂತು ನೋಡಿದರು. "ನಾಳೆನೂ ಇಷ್ಟ ಹೊತ್ತಿಗೆ ಬರ್ರಿ" ಎಂದರು, ಮಗಳ ಲೆಕ್ಕ ಕೆಡದಂತೆ ಮೆಲ್ಲಗೆ.