ತೊಂಬತ್ತೆಂಟು ಡಿಗ್ರಿ

ಬಾಣದ ಗುರುತು ಪರದೆಯ ನಡುವೆ ಸಿಕ್ಕಿಹಾಕಿಕೊಂಡಿತ್ತು. ಅವನು ಬೆರಳನ್ನು ಎಡಕ್ಕೆ ಎಳೆದ, ಬಲಕ್ಕೆ ಎಳೆದ. ಕದಲಲಿಲ್ಲ. ಕೈ ತೆಗೆದು ಕಣ್ಣುಜ್ಜಿಕೊಳ್ಳುತ್ತಿದ್ದಾಗ ಅದು ತಾನಾಗಿಯೇ ಎಡಕ್ಕೂ ಬಲಕ್ಕೂ ಓಡಿ ಸುಮ್ಮನಾಯಿತು.

ಹಳೆಯ ಲ್ಯಾಪ್‌ಟಾಪ್ ಆಗಿದ್ದರೆ ವಯಸ್ಸಾಯಿತು ಎನ್ನಬಹುದಿತ್ತು. ಇದು ಮನೆಗೆ ಬಂದು ವಾರವಾಗಿಲ್ಲ. ಮುಚ್ಚಳದ ಮೇಲಿನ ತೆಳು ಹಾಳೆಯನ್ನು ಇನ್ನೂ ಕಿತ್ತಿಲ್ಲ. ಅಂಗಡಿಯವನು ಇದರ ಪ್ರೊಸೆಸರನ್ನು ಮದುವೆಗೆ ಬಂದ ಗಂಡನ್ನು ಹೊಗಳಿದ ಹಾಗೆ ಹೊಗಳಿದ್ದ. ಎಂಥ ಕೆಲಸ ಕೊಟ್ಟರೂ ಹಿಂದೆ ಮುಂದೆ ನೋಡುವುದಿಲ್ಲ ಎಂದಿದ್ದ. ಈಗ ಒಂದು ಫೋಟೋ ತೆರೆಯುವುದಕ್ಕೂ ಅದು ಹಿಂದೆ ಮುಂದೆ ನೋಡುತ್ತಿತ್ತು.

"ಮೂರೂವರೆಗೆ ಹೊರಟ್ರೆ ಸಾಕಲ್ವಾ?" ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು.

"ಹ್ಞೂಂ."

"ಮನೆಯವರನ್ನೂ ಕರ್ಕೊಂಡು ಬನ್ನಿ ಅಂದಿದ್ದಾರೆ ಡಾಕ್ಟರು."

"ಹೇಳಿದೆಯಲ್ಲ."

"ಅಲ್ಲ, ಯಾಕೆ ಹಾಗಂದ್ರು ಅಂತ."

"ಎಲ್ಲರಿಗೂ ಹಾಗೇ ಹೇಳ್ತಾರೆ."

ಹೋದ ವಾರ ಅವಳ ಎದೆಯ ಗಂಟಿಗೆ ಸೂಜಿ ಹಾಕಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದರು. ಇವತ್ತು ಫಲಿತಾಂಶ. ಅವನು ರಜೆ ಹಾಕಿದ್ದೇ ಅದಕ್ಕೆ. ರಜೆಯ ದಿನವೇ ಯಂತ್ರ ಕೈಕೊಟ್ಟಿತೆಂದು ಸಿಟ್ಟು ಬರಬೇಕಿತ್ತು; ಬಂದದ್ದು ಒಂದು ಬಗೆಯ ನೆಮ್ಮದಿ. ಅದಕ್ಕೆ ಅವನಿಗೆ ನಾಚಿಕೆಯೂ ಆಯಿತು, ಆದರೆ ನಾಚಿಕೆಗೆ ಕೊಡಲು ಪುರಸೊತ್ತಿರಲಿಲ್ಲ.

ಸಮಾಧಾನ ಹೇಳುವುದು ಅವನ ಉದ್ಯೋಗ. ಫ್ರಿಜ್ಜು ಸೋರಿದವರಿಗೆ, ಪ್ರಯಾಣದಲ್ಲಿ ಸೂಟ್‌ಕೇಸು ಕಳಕೊಂಡವರಿಗೆ ಹತ್ತಾರು ಕಂಪನಿಗಳು ಕಳಿಸುವ ಸಿದ್ಧ ಉತ್ತರಗಳು ಅವನ ಕಚೇರಿಯಲ್ಲೇ ತಯಾರಾಗುತ್ತವೆ. ತಪ್ಪು ಒಪ್ಪಿಕೊಳ್ಳದೆ ಮನಸ್ಸು ಕರಗಿಸುವ ವಾಕ್ಯ ಬೇಕೆಂದರೆ ಎಲ್ಲರೂ ಅವನ ಮೇಜಿಗೆ ಬರುತ್ತಾರೆ. ಬೆನ್ನ ಹಿಂದೆ ಅವನಿಗೆ ‘ಮುಲಾಮು’ ಎಂಬ ಹೆಸರಿದೆ. ಅದು ಅವನಿಗೂ ಗೊತ್ತು, ಒಳಗೊಳಗೇ ಹೆಮ್ಮೆ.

ಶಾಖ ತೋರಿಸುವ ತಂತ್ರಾಂಶವೊಂದನ್ನು ಹಾಕಿದ. ತೊಂಬತ್ತೆಂಟು ಡಿಗ್ರಿ. ಪ್ರೊಸೆಸರು ಅತಿಯಾಗಿ ಕಾದರೆ, ಸುಟ್ಟುಹೋಗದಿರಲೆಂದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ ಎಂದು ಎಲ್ಲೋ ಬರೆದಿತ್ತು. ರೋಗ ಸಿಕ್ಕಿತು. ಅವನು ಲಗುಬಗೆಯಿಂದ ಅಡುಗೆಮನೆಗೆ ಹೋಗಿ, ಸೂಜಿಯ ನೋವಿಗೆ ಹೆಂಡತಿ ಒತ್ತಿಕೊಳ್ಳುತ್ತಿದ್ದ ನೀಲಿ ಐಸ್ ಪ್ಯಾಕನ್ನು ಫ್ರೀಜರಿನಿಂದ ತಂದು, ಟವೆಲಿನಲ್ಲಿ ಸುತ್ತಿ ಲ್ಯಾಪ್‌ಟಾಪಿನ ಕೆಳಗಿಟ್ಟ. ಮಗುವಿನ ಜ್ವರ ನೋಡುವವನ ಹಾಗೆ ಕಾದು ಕುಳಿತ. ತೊಂಬತ್ತೆಂಟು ಇಳಿಯಲಿಲ್ಲ.

ಕೊನೆಗೆ ಐಸಿಟ್ಟದ್ದನ್ನೂ ಸೇರಿಸಿ, ಫೋನಿನಿಂದ ಲ್ಯಾಪ್‌ಟಾಪ್ ಕಂಪನಿಯ ಸಹಾಯ ಕೇಂದ್ರಕ್ಕೆ ಬರೆದ. ಉತ್ತರ ತಕ್ಷಣ ಬಂತು.

‘ನಿಮ್ಮ ಕಳವಳ ನಮಗೆ ಅರ್ಥವಾಗುತ್ತದೆ. ಈ ಹೊತ್ತಿನಲ್ಲಿ ನೀವು ಒಬ್ಬರೇ ಅಲ್ಲ.’

ಎದೆಯೊಳಗೆ ಏನೋ ಸಡಿಲವಾಯಿತು. ಕಣ್ಣು ಮಂಜಾಯಿತು. ಆಮೇಲೆ ಗುರುತು ಸಿಕ್ಕಿತು: ಎರಡನೆಯ ವಾಕ್ಯ ಅವನದೇ. ಫ್ರಿಜ್ಜಿನವರಿಗೆ ಇದು ಅತಿಯಾಯಿತು ಎಂದು ಮೇಲಧಿಕಾರಿ ಹೊಡೆದುಹಾಕಲು ಹೊರಟಾಗ, ಹಟ ಹಿಡಿದು ಉಳಿಸಿಕೊಂಡಿದ್ದ.

"ರೀ, ಹೊರಡೋಣ್ವಾ?" ಅವಳು ಸೀರೆ ಬದಲಿಸಿ ಬಂದಿದ್ದಳು.

"ಲೈನಲ್ಲಿದ್ದಾರೆ. ಈಗ ಬಿಟ್ರೆ ಮತ್ತೆ ಮೊದಲಿಂದ ಶುರು."

"ಹಾಗಾದ್ರೆ?"

"ನೀನು ನಡೀತಾ ಇರು. ಹಿಂದೇನೇ ಬಂದೆ."

ಆಸ್ಪತ್ರೆ ಎರಡು ಬೀದಿಯಾಚೆ. ಅವಳು ಹೊರಡಲಿಲ್ಲ.

"ನಿಮಗೆ ಭಯ ಆಗ್ತಿದ್ಯಾ?"

"ಯಾವುದಕ್ಕೆ?"

ಅವಳು ಚಪ್ಪಲಿ ಮೆಟ್ಟಿಕೊಂಡಳು. ಬಾಗಿಲು ಮುಚ್ಚಿದ ಸದ್ದಾಯಿತು. ಭಯವಾಗುತ್ತಿತ್ತು. ಡಾಕ್ಟರು ಗಂಟಲು ಸರಿಮಾಡಿಕೊಳ್ಳುವುದು, ಅವಳು ತನ್ನ ಕಡೆ ತಿರುಗುವುದು, ಆ ಗಳಿಗೆಗೆ ತನ್ನ ಬಳಿ ಒಂದು ವಾಕ್ಯವೂ ಇಲ್ಲದಿರುವುದು—ಇದನ್ನೆಲ್ಲ ಅವನು ಬೆಳಗಿನಿಂದ ಎಷ್ಟೋ ಸಲ ಕಂಡಿದ್ದ.

ಸಹಾಯ ಕೇಂದ್ರದಲ್ಲಿ ಈಗ ಮನುಷ್ಯರು ಯಾರೋ ಬಂದಿದ್ದರು.

‘ಐಸ್ ತೆಗೆಯಿರಿ ಸರ್. ಸ್ವಲ್ಪ ಹೊತ್ತು ಬಿಟ್ಟು ಲ್ಯಾಪ್‌ಟಾಪಿನ ತಳಕ್ಕೆ ಅಂಗೈ ಇಟ್ಟು ನೋಡಿ. ಬಿಸಿ ಇದೆಯೇ?’

ತೆಗೆದ, ಕಾದ, ಅಂಗೈ ಇಟ್ಟ. ನೆಲದಷ್ಟೇ ತಣ್ಣಗಿತ್ತು. ಪರದೆಯ ಮೇಲೆ ಅದೇ ತೊಂಬತ್ತೆಂಟು.

‘ಹಾಗಾದರೆ ಶಾಖ ಅಳೆಯುವ ಸೆನ್ಸರ್ ಕೆಟ್ಟಿದೆ ಸರ್. ಉರಿಯುತ್ತಿದ್ದೇನೆ ಅಂದುಕೊಂಡು ಅದು ನಿಧಾನವಾಗಿದೆ. ಮಿಕ್ಕಿದ್ದೆಲ್ಲ ಸರಿಯಿದೆ. ನಾಳೆ ತಂದುಕೊಡಿ, ಬದಲಿಸಿಕೊಡುತ್ತೇವೆ. ನಿಮ್ಮ ಸಮಸ್ಯೆ ಬಗೆಹರಿಯಿತೇ?’

ಹೌದು ಎಂಬುದನ್ನು ಒತ್ತಿದ. ಗಡಿಯಾರ ನೋಡಿದ. ಓಡಿದರೆ ಈಗಲೂ ಸಿಗಬಹುದು. ಆಸ್ಪತ್ರೆಗಳಲ್ಲಿ ಹೇಳಿದ ಹೊತ್ತಿಗೆ ಯಾರು ಕರೆಯುತ್ತಾರೆ? ಎಡಗಾಲಿಗೆ ಬೂಟು ಹಾಕಿಕೊಂಡ. ಹೊರಡುವ ಮೊದಲು ಒಮ್ಮೆ ಆರಿಸಿ ಹೊತ್ತಿಸಿದರೆ ಹೇಗೆ ಎನ್ನಿಸಿತು. ಒಂದೇ ಒಂದು ಸಲ. ಪರದೆ ಕಪ್ಪಾಯಿತು. ನಡುವೆ ಸಣ್ಣ ವೃತ್ತವೊಂದು ಸುತ್ತತೊಡಗಿತು. ಬಲಗಾಲಿನ ಬೂಟನ್ನು ಕೈಯಲ್ಲಿ ಹಿಡಿದು ಅವನು ಅದನ್ನೇ ನೋಡುತ್ತ ಕುಳಿತ.

ಆಸ್ಪತ್ರೆಯಿಂದ ಬಂದು ಅವಳು ಬಾಗಿಲು ತೆರೆದಾಗಲೂ ಬೂಟು ಅವನ ಕೈಯಲ್ಲೇ ಇತ್ತು.

"ಈಗ ಹೊರಟಿದ್ದೆ," ಎಂದ.

ಅವಳು ಅವನ ಕಾಲುಗಳನ್ನು ನೋಡಿದಳು, ಒಂದಾದ ಮೇಲೆ ಒಂದು. ಅಡುಗೆಮನೆಗೆ ಹೋಗಿ ಫ್ರೀಜರ್ ತೆಗೆದಳು, ಮುಚ್ಚಿದಳು. ವಾಪಸು ಬಂದು ಮೇಜಿನ ಮೇಲಿದ್ದ ಟವೆಲನ್ನು ಬಿಚ್ಚಿ, ಕರಗಿ ಜೋತುಬಿದ್ದಿದ್ದ ಐಸ್ ಪ್ಯಾಕನ್ನು ತೆಗೆದುಕೊಂಡು, ಅವನ ಪಕ್ಕದ ಕುರ್ಚಿಯಲ್ಲಿ ಕುಳಿತು ಎದೆಗೊತ್ತಿಕೊಂಡಳು.

"ಸರಿಹೋಯ್ತಾ?" ಎಂದಳು, ಲ್ಯಾಪ್‌ಟಾಪ್ ಕಡೆ ನೋಡುತ್ತ.

"ಏನಂದ್ರು ಡಾಕ್ಟರು?"

"ಮನೆಯವರು ಎಲ್ಲಿ ಅಂತ ಕೇಳಿದ್ರು."

"ನೀನೇನಂದೆ?"

"ಹಿಂದೇನೇ ಬರ್ತಿದ್ದಾರೆ ಅಂದೆ."

ನೀನು ಒಬ್ಬಳೇ ಅಲ್ಲ ಎಂಬುದು ನಾಲಿಗೆಯ ತುದಿಗೆ ಬಂತು. ಅವನು ಅದನ್ನು ನುಂಗಿಕೊಂಡ. ಕೈ ಚಾಚಿದರೆ ಅವಳ ಭುಜ ಸಿಗುತ್ತಿತ್ತು. ಆ ಕೈಯಲ್ಲಿ ಬೂಟಿತ್ತು. ಕಪ್ಪು ಪರದೆಯ ನಡುವೆ ವೃತ್ತ ಸುತ್ತುತ್ತಲೇ ಇತ್ತು. ತಣ್ಣಗಿದ್ದ ಯಂತ್ರವನ್ನು ತಣ್ಣಗಾಗಿಸಲು ಒಳಗಿನ ಫ್ಯಾನು ಏದುಸಿರು ಬಿಡುತ್ತಿತ್ತು.