ಎಲ್ಜಿಯ ಆಂಪ್ಲಿಫೈಯರಿನ ಶಿಳ್ಳೆ

ಆ ವಸಂತದಲ್ಲಿ ಫ್ಲಾರಿಡಾದ ಓಕಾಲಾದಲ್ಲಿ ಬೇರೇನೇ ನಡೆದಿರಲಿ, ಚರಿತ್ರೆ ಗಮನಿಸಬೇಕಾದ ಸಂಗತಿ ಒಂದೇ: ಬ್ರದರ್ ಎಲ್ಜಿ ಗ್ಯಾಡ್ಸ್‌ಡನ್‌ನ ಆಂಪ್ಲಿಫೈಯರು ಸಣ್ಣಗೆ ಶಿಳ್ಳೆ ಹಾಕತೊಡಗಿತ್ತು.

ಎಲ್ಜಿ ಚರ್ಚಿನ ಸ್ಟೀಲ್ ಗಿಟಾರಿನವನು. ಪಾದ್ರಿಯ ಪ್ರವಚನ ಏರುತ್ತ ಏರುತ್ತ ಮಾತು ಸಾಲದೆ ಹೋದಾಗ ಉಳಿದದ್ದನ್ನು ಹೇಳುವುದು ಅವನ ತಂತಿಗಳು. ಜನ ಎದ್ದು ಕುಣಿಯುವುದು ಆಗಲೇ. ಆದರೆ ಈಸ್ಟರಿನ ದಿನ ಸ್ವರ ಜಾರಿತು. ಮುಂದಿನ ಸಾಲಿನ ಹೆಂಗಸರು ಟೋಪಿಗಳ ಸಮೇತ ತಿರುಗಿ ನೋಡಿದರು. ತಂತಿಯ ಮೇಲೆ ಉಕ್ಕಿನ ತುಂಡು ಎಲ್ಲಿ ನಿಲ್ಲಬೇಕೆಂದು ಕಿವಿಯೇ ಹೇಳಬೇಕಾದ ವಾದ್ಯ ಅದು. "ಆಂಪ್ ಕೀ ಅಂತಿದ್ರೆ ಸ್ವರ ಹೆಂಗೆ ಹಿಡೀಲಿ?" ಎಂದ ಎಲ್ಜಿ. ಪಾದ್ರಿ ಒಪ್ಪಿದರು. ಅದು ಸರಿಯಾಗುವವರೆಗೆ ಅವನ ತಂಗಿಯ ಮಗಳು ಲೊರೀನ್ ನುಡಿಸಲಿ, ಆಮೇಲೆ ಜಾಗ ಅವನದೇ ಎಂದರು.

ಹೀಗೆ ಆಂಪು, ಇಂಥವನ್ನೆಲ್ಲ ರಿಪೇರಿ ಮಾಡುವ ಓಬೀ ಟೂಕ್ಸ್‌ನ ಗ್ಯಾರೇಜು ಸೇರಿತು. ಓಬೀ ಸ್ಪೀಕರಿಗೆ ಕಿವಿಯಿಟ್ಟ. ಏನೂ ಕೇಳಿಸಲಿಲ್ಲ.

"ಕೇಳಿಸ್ತಾ?" ಎಂದ ಪಕ್ಕದಲ್ಲಿ ನಿಂತ ಎಲ್ಜಿ.

ಎರಡು ವರ್ಷದಿಂದ ಓಬೀಗೆ ಜೀರುಂಡೆಗಳ ಸದ್ದೂ ಕೇಳಿಸುತ್ತಿರಲಿಲ್ಲ. ಅದನ್ನು ಹೆಂಡತಿಗೂ ಹೇಳಿರಲಿಲ್ಲ. ಸದ್ದು ಹುಡುಕುವುದೇ ಕಸುಬಾದವನು ಇನ್ನು ಗಿರಾಕಿಗೆ ಹೇಳಿಯಾನೇ?

"ಕೇಳಿಸ್ದೆ ಏನು? ತಗಡಿನ ಮೇಲೆ ಮೊಳೆ ಗೀರ್ದಂಗಿದೆ."

"ಅದೇ ಕಣೋ!" ಎಂದ ಎಲ್ಜಿ. ಅವನ ಮುಖ ಅರಳಿತು.

ಮುಂದಿನ ವಾರಗಳಲ್ಲಿ ಓಬೀ ಬಲಗೈಯಲ್ಲಿ ಕೆಲಸ ಮಾಡಿದ, ಎಡಗೈ ಜೇಬಿನಲ್ಲಿತ್ತು. ತೆರೆದ ಆಂಪಿನೊಳಗೆ ಎರಡೂ ಕೈ ಇಟ್ಟು ಕರೆಂಟ್ ಹೊಡೆಸಿಕೊಂಡವರು ಮತ್ತೆ ಚರ್ಚಿಗೆ ಬರುವುದು ಶವಪೆಟ್ಟಿಗೆಯಲ್ಲೇ. ಗುಂಯ್‌ಗುಡುವುದಕ್ಕೆ ಕೆಪಾಸಿಟರ್ ಬದಲಾಯಿಸಿದ. ಚಟಪಟ ಎನ್ನುವುದಕ್ಕೆ ಸಾಕೆಟ್ ಉಜ್ಜಿದ. ಸದ್ದನ್ನು ದೊಡ್ಡದು ಮಾಡುವ ಗಾಜಿನ ಟ್ಯೂಬುಗಳನ್ನು ಪೆನ್ಸಿಲಿನಿಂದ ಒಂದೊಂದಾಗಿ ತಟ್ಟಿ, ಠಣ್ಣೆಂದು ಮಾರ್ದನಿಸಿದ್ದನ್ನು ಕಿತ್ತು ಹೊಸದು ಹಾಕಿದ. ಹುಟ್ಟಿದಂದಿನಿಂದ ಆ ಆಂಪು ಅಷ್ಟು ಶುದ್ಧವಾಗಿ ಇದ್ದದ್ದೇ ಇಲ್ಲ.

"ಹೋಯ್ತಾ?" ಎಂದು ಕೇಳಿದ ಓಬೀ.

"ಎಲ್ಲಿ ಹೋಗತ್ತೆ? ಈ ಗತೀಲಿ ರಿಪೇರಿ ಮಾಡಿದ್ರೆ ನನ್ನ ಮಣ್ಣು ಮಾಡೋ ದಿನಕ್ಕೆ ಮುಗಿಸ್ತೀಯ."

"ಅವತ್ತೂ ನೀನು ಸ್ವರ ಸರಿಯಿಲ್ಲ ಅಂತೀಯ ಬಿಡು. ಕಡಲೆಕಾಯಿ ತಿನ್ನು."

ಎಲ್ಜಿ ಬೇಯಿಸಿದ ಕಡಲೆಕಾಯಿ ಸುಲಿಯುತ್ತ ಬೆನ್ನು ತಿರುಗಿಸಿ ಕೂತ. ಕಣ್ಣು ಮುಚ್ಚಿಯೇ ಅವನು ಕೇಳುವುದು. ಓಬೀಗೆ ಉಳಿದದ್ದು ಒಂದೇ ದಾರಿ: ಗಿಟಾರಿನ ವೈರು ಸೇರುವ ಕಡೆಯಿಂದ ಶುರುಮಾಡಿ ಒಂದೊಂದೇ ಟ್ಯೂಬು ತೆಗೆಯುತ್ತ ಹೋಗುವುದು. ಯಾವುದನ್ನು ತೆಗೆದಾಗ ಸದ್ದು ನಿಲ್ಲುತ್ತದೋ ಅದೇ ಕಳ್ಳ.

"ಈಗ?"

"ಇದೆ."

"ಈಗ?"

"ಇದೆ ಕಣೋ."

ಕೊನೆಯ ಟ್ಯೂಬೂ ಬಟ್ಟೆಯ ಮೇಲೆ ಮಲಗಿತು. ಬೆಂಚಿನ ಮೇಲೆ ಉಳಿದದ್ದು ಬರೀ ತಗಡು, ತಂತಿ. ಓಬೀ ಗೋಡೆಯಿಂದ ಪ್ಲಗ್ಗನ್ನೂ ಕಿತ್ತ.

"ಈಗ, ಎಲ್ಜಿ?"

"ಇದೆ. ಸ್ವಲ್ಪ ಜೋರಾಗೇ ಇದೆ."

ಎಲ್ಜಿ ತಿರುಗಿದ. ಮೊದಲು ಟ್ಯೂಬುಗಳನ್ನು ನೋಡಿದ, ಆಮೇಲೆ ಓಬೀಯ ಕೈಯಲ್ಲಿದ್ದ ಪ್ಲಗ್ಗನ್ನು.

"ನೀನೂ ಕೇಳಿಸ್ತು ಅಂದ್ಯಲ್ಲೋ. ಮೊಳೆ ಗೀರ್ದಂಗೆ ಅಂದ್ಯಲ್ಲ."

"ನಂಗೇನೂ ಕೇಳಿಸ್ಲಿಲ್ಲ ಕಣಪ್ಪ. ನನ್ನ ಕಿವಿಯೇ ಹೋಗಿದೆ ಅಂದ್ಕೊಂಡೆ. ಹೇಳಕ್ಕೆ ನಾಚಿಕೆಯಾಯ್ತು."

ಎಲ್ಜಿ ನಕ್ಕ. ಅರ್ಧಕ್ಕೇ ನಿಲ್ಲಿಸಿದ. ಕೈಯಲ್ಲಿದ್ದ ಸಿಪ್ಪೆಗಳನ್ನು ಎಲ್ಲಿ ಹಾಕುವುದೆಂದು ತಿಳಿಯದೆ ಅಂಗಿಯ ಜೇಬಿಗೆ ಹಾಕಿಕೊಂಡ.

"ಎಲ್ಲಾ ವಾಪಸ್ ಹಾಕು. ಇನ್ನೊಂದ್ಸಲ ನೋಡೋಣ."

ಓಬೀ ಹಾಕಿದ. ಟ್ಯೂಬುಗಳು ಕೆಂಪಗೆ ಬೆಚ್ಚಗಾದವು. ಇಬ್ಬರೂ ಬಹಳ ಹೊತ್ತು ಸ್ಪೀಕರಿನ ಮುಂದೆ ಕೂತರು.

"ಒಳ್ಳೇ ಕೆಲಸ ಮಾಡಿದೀಯ," ಎಂದ ಎಲ್ಜಿ ಕೊನೆಗೆ. "ಶಿಳ್ಳೆ ಇರೋದು ಆಂಪಲ್ಲಲ್ಲ ಅಂತ ಪಾದ್ರಿಗೆ ನಾನೇ ಹೇಳ್ತೀನಿ. ನೀನು ಬಾಯಿ ಹಾಕ್ಬೇಡ."

ಭಾನುವಾರ ಎಲ್ಜಿ ಜನರ ನಡುವೆ ಬೆಂಚಿನಲ್ಲಿ ಕೂತ. ಸ್ಟೀಲ್ ಗಿಟಾರನ್ನು ಲೊರೀನ್ ನುಡಿಸಿದಳು.